ಲಾರ್ವುಡ್ ಯಾಕೆ ಕ್ಷಮೆ ಕೇಳಬೇಕಿತ್ತು, ಮೇಷ್ಟ್ರೇ?

‘ಕಳೆದ ಸಂಚಿಕೆಯಲ್ಲಿ ಇಂಗ್ಲೆಂಡಿನ ವೇಗದ ಬೌಲರ್ ಹೆರಾಲ್ಡ್ ಲಾರ್ವುಡ್ ಬಗ್ಗೆ ಬಂದ ಲೇಖನ ಓದಿ ಬೇಸರವಾಯಿತು. ಬ್ಯಾಟ್ಸ್‌ಮನ್‌ಗಳ ಮೈಗೇ ಗುರಿಯಿಟ್ಟವನನ್ನು ಹೀರೋ ಮಾಡಿದ್ದೀರಿ. ಆಸ್ಟ್ರೇಲಿಯಾದ ವಿಕೆಟ್‌ಕೀಪರ್ ಓಲ್ಡ್‌ಫೀಲ್ಡ್ ತಲೆಬುರುಡೆ ಬಿರುಕು ಬಿಟ್ಟದ್ದನ್ನು ನೀವೇ ಅಚ್ಚು ಹಾಕಿದ್ದೀರಿ. ಕ್ಯಾಪ್ಟನ್ ಹೇಳಿದ, ಇವನು ಮಾಡಿದ ಅನ್ನುವುದು ನೆಪ. ಅದೇ ತಂಡದ ಗಬ್ಬಿ ಅಲೆನ್ ಆಗುವುದಿಲ್ಲ ಎಂದನಲ್ಲ? ಕೊನೆಗೆ ಒಂದು ಕ್ಷಮೆ ಕೇಳಿದ್ದರೆ ಲಾರ್ವುಡ್ಡನ ಗಂಟೇನು ಹೋಗುತ್ತಿತ್ತು? ಉಪ್ಪು ತಿಂದವ ನೀರು ಕುಡಿಯಲೇಬೇಕು. ನೀವೂ ಓದುಗರ ಕ್ಷಮೆ ಕೇಳಿ.’
– ಒಬ್ಬ ನಿವೃತ್ತ ಶಿಕ್ಷಕ, ತೀರ್ಥಹಳ್ಳಿ

ಮೇಷ್ಟ್ರೇ, ನಿಮ್ಮ ಇನ್‌ಲ್ಯಾಂಡ್ ಪತ್ರ ಬಂದು ಹತ್ತು ದಿನವಾಯಿತು. ಅಂಟು ಹಚ್ಚುವ ಅಂಚಿನಲ್ಲೂ ಜಾಗ ಬಿಡದೆ ಬರೆದಿದ್ದೀರಿ. ‘ಕ್ಷಮೆ’ ಅನ್ನುವ ಪದದ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಬೇರೆ. ಅದನ್ನು ನೋಡಿ ಒಂದು ಕ್ಷಣ ನಾನೂ ಬೆಂಚಿನ ಮೇಲೆ ನಿಂತ ಹಾಗಾಯಿತು. ಇಷ್ಟು ಗಮನ ಕೊಟ್ಟು ಓದಿ ಜಗಳಕ್ಕೆ ಬರುವವರು ಈಗ ಎಷ್ಟು ಜನ ಇದ್ದಾರೆ ಹೇಳಿ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಮೊದಲು ನಿಮಗೆ ಸಲ್ಲಬೇಕಾದ ಮಾರ್ಕು ಕೊಟ್ಟುಬಿಡುತ್ತೇನೆ. 1932-33ರಲ್ಲಿ ಆಸ್ಟ್ರೇಲಿಯಾದಲ್ಲಿ ಇಂಗ್ಲೆಂಡ್ ಆಡಿದ ಆ ‘ಬಾಡಿಲೈನ್’ ಆಟ ಚೆಂದದ ಆಟವಾಗಿರಲಿಲ್ಲ. ಲೆಗ್ ಸೈಡಿನಲ್ಲಿ ಬ್ಯಾಟ್ಸ್‌ಮನ್ ಸುತ್ತ ಐದಾರು ಫೀಲ್ಡರ್‌ಗಳು. ಚೆಂಡು ಶಾರ್ಟ್ ಪಿಚ್ ಆಗಿ ಪಕ್ಕೆಲುಬಿಗೋ ಕತ್ತಿಗೋ ಏಳುತ್ತದೆ. ಬ್ಯಾಟ್ ಅಡ್ಡ ಹಿಡಿದರೆ ಕ್ಯಾಚ್, ಹಿಡಿಯದಿದ್ದರೆ ಏಟು. ಆಗ ಹೆಲ್ಮೆಟ್ ಇರಲಿಲ್ಲ. ಭಯವಾಗಿದ್ದರೆ ಅದು ನ್ಯಾಯವಾದ ಭಯವೇ. ಇಷ್ಟನ್ನು ಒಪ್ಪಿದೆ.

ಇನ್ನು ನನ್ನ ತಕರಾರು.

ಗಬ್ಬಿ ಅಲೆನ್ ಹೆಸರು ನೀವೇ ಎತ್ತಿದ್ದು ಒಳ್ಳೆಯದಾಯಿತು. ಅಲೆನ್ ಆಗುವುದಿಲ್ಲ ಎಂದದ್ದು ನಿಜ. ತನಗೆ ತಿಳಿದ ಹಾಗೆ ಬೌಲ್ ಮಾಡಿ ಆ ಸರಣಿಯಲ್ಲಿ 21 ವಿಕೆಟ್ ತೆಗೆದದ್ದೂ ನಿಜ. ಆದರೆ ಅಲೆನ್ ಯಾರು? ಈಟನ್, ಕೇಂಬ್ರಿಜ್‌ನಲ್ಲಿ ಓದಿದವನು. ಆಗಿನ ಇಂಗ್ಲಿಷ್ ಭಾಷೆಯಲ್ಲಿ ‘ಅಮೆಚೂರ್’. ಅಂದರೆ ಆಟಕ್ಕೆ ಸಂಬಳ ಪಡೆಯದ ದೊಡ್ಡ ಮನೆಯವನು. ಕ್ಯಾಪ್ಟನ್ ಡಗ್ಲಸ್ ಜಾರ್ಡಿನ್ ಕೂಡ ಅದೇ ಸಾಲಿನವನು. ಅಲೆನ್ ಇಲ್ಲ ಎಂದರೆ ಅದು ಇಬ್ಬರು ಸಮಾನರ ಜಗಳ. ರಾತ್ರಿ ಒಂದೇ ಮೇಜಿನಲ್ಲಿ ಕೂತು ಊಟ ಮಾಡಿದರೆ ಮುಗಿಯಿತು.

ಲಾರ್ವುಡ್ ಹುಟ್ಟಿದ್ದು 1904ರಲ್ಲಿ, ನಾಟಿಂಗ್‌ಹ್ಯಾಮ್‌ಶೈರಿನ ನನ್‌ಕಾರ್‌ಗೇಟ್ ಎಂಬ ಗಣಿ ಹಳ್ಳಿಯಲ್ಲಿ. ಅಪ್ಪ ಕಲ್ಲಿದ್ದಲು ಗಣಿಯಲ್ಲಿ ಕೆಲಸ ಮಾಡುತ್ತಿದ್ದ. ಮಗ ಹದಿನಾಲ್ಕಕ್ಕೆಲ್ಲ ಗಣಿಗೆ ಇಳಿದ. ಭೂಮಿಯ ಹೊಟ್ಟೆಯೊಳಗೆ ಕಲ್ಲಿದ್ದಲ ಗಾಡಿ ಎಳೆಯುವ ಗಿಡ್ಡ ಕುದುರೆಗಳನ್ನು ನಡೆಸುವ ಕೆಲಸ. ಅಲ್ಲಿಂದ ಅವನನ್ನು ಮೇಲೆ ಎಳೆದದ್ದು ಕ್ರಿಕೆಟ್. ಆಳೂ ಅಂಥ ಎತ್ತರ ಇಲ್ಲ, ಐದಡಿ ಎಂಟಿಂಚಿನ ಆಸುಪಾಸು. ಆದರೆ ಓಡಿ ಬರುತ್ತಿದ್ದ ರೀತಿ ಎಷ್ಟು ಹಗುರ ಅಂದರೆ, ಕಾಲ ಸಪ್ಪಳ ಅಂಪೈರಿಗೂ ಕೇಳಿಸುತ್ತಿರಲಿಲ್ಲವಂತೆ. ಕ್ರಿಕೆಟ್ ಅವನ ಕೂಲಿ. ‘ಇಲ್ಲ ಸಾರ್’ ಎಂದರೆ ವಾಪಸ್ಸು ಇಳಿಯಲು ಗಣಿಯ ಬಾಯಿ ತೆರೆದೇ ಇತ್ತು.

ನಮ್ಮವರದೇ ಒಂದು ಉದಾಹರಣೆ ಕೊಡುತ್ತೇನೆ. ಪಟೌಡಿ ನವಾಬರು, ಅಂದರೆ ಟೈಗರ್ ಪಟೌಡಿಯವರ ತಂದೆ, ಅದೇ ತಂಡದಲ್ಲಿದ್ದರು. ಸಿಡ್ನಿಯಲ್ಲಿ ಮೊದಲ ಟೆಸ್ಟಿನಲ್ಲೇ 102 ಹೊಡೆದರು. ಆ ಲೆಗ್ ಸೈಡ್ ಗುಂಪಿನಲ್ಲಿ ನಿಲ್ಲುವುದಿಲ್ಲ ಎಂದರು. ಎರಡನೇ ಟೆಸ್ಟ್ ಆದಮೇಲೆ ಅವರು ತಂಡದಲ್ಲಿ ಇಲ್ಲ! ನವಾಬರ ಗತಿಯೇ ಹೀಗಾದರೆ ಗಣಿ ಹುಡುಗನ ಗತಿ ಏನಾಗುತ್ತಿತ್ತು? ನೀವೇ ಲೆಕ್ಕ ಹಾಕಿ. ನೀವು ಲೆಕ್ಕದ ಮೇಷ್ಟ್ರೋ ಅಲ್ಲವೋ ಗೊತ್ತಿಲ್ಲ, ಇದಕ್ಕೆ ಮಗ್ಗಿ ಬೇಕಿಲ್ಲ.

ಆಗಿನ ಇಂಗ್ಲೆಂಡಿನಲ್ಲಿ ಅಮೆಚೂರ್ ಮತ್ತು ವೃತ್ತಿಪರ ಅನ್ನುವುದು ಒಂದು ಜಾತಿಯೇ. ಬಟ್ಟೆ ಬದಲಿಸುವ ಕೋಣೆ ಬೇರೆ, ಎಷ್ಟೋ ಮೈದಾನಗಳಲ್ಲಿ ಒಳಗೆ ಬರುವ ಗೇಟೂ ಬೇರೆ. ಸ್ಕೋರ್ ಕಾರ್ಡಿನಲ್ಲಿ ಅಮೆಚೂರ್ ಆಟಗಾರನ ಇನಿಷಿಯಲ್ ಹೆಸರಿಗೆ ಮೊದಲು, ಕೂಲಿ ಆಟಗಾರನದು ಹೆಸರಾದ ಮೇಲೆ. 1950ರಲ್ಲಿ ಲಾರ್ಡ್ಸ್‌ನಲ್ಲಿ ಫ್ರೆಡ್ ಟಿಟ್ಮಸ್ ಎಂಬ ಹುಡುಗ ಬ್ಯಾಟಿಂಗಿಗೆ ಬಂದಾಗ ಮೈಕಿನಲ್ಲಿ ಒಂದು ತಿದ್ದುಪಡಿ ಹೇಳಿದರಂತೆ: ಕಾರ್ಡಿನಲ್ಲಿ ‘ಎಫ್.ಜೆ. ಟಿಟ್ಮಸ್’ ಎಂದಿರುವುದನ್ನು ‘ಟಿಟ್ಮಸ್ ಎಫ್.ಜೆ.’ ಎಂದು ಓದಿಕೊಳ್ಳಬೇಕು. ಹುಡುಗ ವೃತ್ತಿಪರ, ಅದಕ್ಕೆ. ಈ ಭೇದ ಹೋಗಿದ್ದು 1962ರಲ್ಲಿ. ಪಂಕ್ತಿಭೇದ ಕಂಡ ನಮಗೆ ಇದನ್ನು ವಿವರಿಸಿ ಹೇಳಬೇಕೆ?

ಈಗ ಬಾಡಿಲೈನ್ ಯಾರ ತಲೆಯಲ್ಲಿ ಹುಟ್ಟಿತು ನೋಡಿ. 1930ರಲ್ಲಿ ಆಸ್ಟ್ರೇಲಿಯಾದ ಬ್ಯಾಟ್ಸ್‌ಮನ್ ಬ್ರಾಡ್‌ಮನ್ ಇಂಗ್ಲೆಂಡಿಗೆ ಬಂದು ಐದು ಟೆಸ್ಟಿನಲ್ಲಿ 974 ರನ್ ಬಾರಿಸಿ ಹೋಗಿದ್ದ. ಅವನನ್ನು ಕಟ್ಟಿಹಾಕಲೇಬೇಕಿತ್ತು. 1932ರ ಆಗಸ್ಟಿನಲ್ಲಿ ಲಂಡನ್ನಿನ ಪಿಕಡಿಲಿ ಹೋಟೆಲಿಗೆ ಜಾರ್ಡಿನ್ ಊಟಕ್ಕೆ ಕರೆದ. ನಾಟಿಂಗ್‌ಹ್ಯಾಮ್‌ಶೈರ್ ಕ್ಯಾಪ್ಟನ್ ಆರ್ಥರ್ ಕಾರ್, ಬೌಲರ್‌ಗಳಾದ ಲಾರ್ವುಡ್ ಮತ್ತು ಬಿಲ್ ವೋಸ್ ಹೋದರು. ಅಲ್ಲಿ ಜಾರ್ಡಿನ್ ಪ್ಲಾನು ಹೇಳಿದ. ಗಣಿಯಿಂದ ಬಂದ ಬೌಲರ್ ಹೂಂ ಎಂದ.

ಪ್ಲಾನು ಫಲಿಸಿತು. ಲಾರ್ವುಡ್ 33 ವಿಕೆಟ್, ಸರಾಸರಿ 19.51. ಬ್ರಾಡ್‌ಮನ್ ಸರಾಸರಿ 56ಕ್ಕೆ ಇಳಿಯಿತು. ಇಂಗ್ಲೆಂಡಿಗೆ 4-1ರ ಗೆಲುವು. ಅಡಿಲೇಡಿನಲ್ಲಿ 50,000ಕ್ಕೂ ಜಾಸ್ತಿ ಜನರ ಎದುರು ಆಸ್ಟ್ರೇಲಿಯಾ ಕ್ಯಾಪ್ಟನ್ ವುಡ್‌ಫುಲ್ ಎದೆಗೆ ಚೆಂಡು ಬಡಿಯಿತು. ಬ್ಯಾಟ್ ಬಿಸಾಕಿ ಎದೆ ಹಿಡಿದುಕೊಂಡ. ಆಗ ಜಾರ್ಡಿನ್ ‘ವೆಲ್ ಬೌಲ್ಡ್, ಹೆರಾಲ್ಡ್’ ಎಂದ. ಎದುರು ತುದಿಯಲ್ಲಿದ್ದ ಬ್ರಾಡ್‌ಮನ್‌ಗೆ ಕೇಳಲಿ ಅಂತ. ಸ್ವಲ್ಪ ಹೊತ್ತಿಗೆ ಫೀಲ್ಡರ್‌ಗಳೆಲ್ಲ ಲೆಗ್ ಸೈಡಿಗೆ ಸರಿದರು. ಮೈದಾನ ಹೊತ್ತಿ ಉರಿಯಿತು.

ನನಗೆ ಎಲ್ಲಕ್ಕಿಂತ ಕಾಡುವುದು ಕೊನೆಯ ಟೆಸ್ಟ್, ಸಿಡ್ನಿ. ನೈಟ್ ವಾಚ್‌ಮನ್ ಆಗಿ, ಅಂದರೆ ದಿನದ ಕೊನೆಗೆ ಒಳ್ಳೆಯ ಬ್ಯಾಟ್ಸ್‌ಮನ್ ಬದಲು, ಬಂದ ಲಾರ್ವುಡ್ 98 ಹೊಡೆದು ಔಟಾದ. ಅವನನ್ನು ಬೈದ ಅದೇ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆಮೇಲೆ ಬೌಲಿಂಗ್ ಮಾಡುವಾಗ ಎಡಗಾಲಿನ ಮೂಳೆ ಮುರಿಯಿತು. ಓಡುವುದಿರಲಿ, ನಿಲ್ಲಲೂ ಆಗುತ್ತಿಲ್ಲ. ಓವರ್ ಮುಗಿಸು ಎಂದ ಜಾರ್ಡಿನ್. ನಿಂತಲ್ಲೇ ಕೈ ತಿರುಗಿಸಿ ಮುಗಿಸಿದ. ಹೊರಗೆ ಹೋಗಲೇ ಎಂದು ಕೇಳಿದ. ಬ್ರಾಡ್‌ಮನ್ ಕ್ರೀಸಿನಲ್ಲಿ ಇರುವ ತನಕ ಇಲ್ಲ. ಇವನು ಕುಂಟುತ್ತಾ ಫೀಲ್ಡಿನಲ್ಲಿದ್ದರೂ ಬ್ರಾಡ್‌ಮನ್ ಮನಸ್ಸಿಗೆ ಒಂದು ಅಳುಕು ಇರುತ್ತದಲ್ಲ, ಅದಕ್ಕೆ. ಕೊನೆಗೆ ಇಂಗ್ಲೆಂಡಿನ ಸ್ಪಿನ್ನರ್ ವೆರಿಟಿ ಬ್ರಾಡ್‌ಮನ್‌ನನ್ನು 71ಕ್ಕೆ ಬೌಲ್ಡ್ ಮಾಡಿದ. ಬ್ರಾಡ್‌ಮನ್ ಮತ್ತು ಲಾರ್ವುಡ್ ಒಟ್ಟಿಗೇ ಪೆವಿಲಿಯನ್ ಕಡೆ ನಡೆದರು. ಇಬ್ಬರೂ ಒಂದು ಮಾತೂ ಆಡಲಿಲ್ಲ. ಲಾರ್ವುಡ್‌ಗೆ ಅದೇ ಕೊನೆಯ ಟೆಸ್ಟ್. ವಯಸ್ಸು ಇಪ್ಪತ್ತೆಂಟು.

ಇಂಗ್ಲೆಂಡಿನ ದೊಡ್ಡವರಿಗೆ ಜ್ಞಾನೋದಯ ಆದದ್ದು ಆಮೇಲೆ. 1933ರಲ್ಲಿ ಮ್ಯಾಂಚೆಸ್ಟರಿನಲ್ಲಿ ವೆಸ್ಟ್ ಇಂಡೀಸಿನ ಕಾನ್‌ಸ್ಟಂಟೈನ್, ಮಾರ್ಟಿನ್‌ಡೇಲ್ ಇಬ್ಬರೂ ಇದೇ ಔಷಧಿಯನ್ನು ಇಂಗ್ಲೆಂಡಿಗೆ ಕುಡಿಸಿದರು. ಓ, ಹೀಗೋ ಇದು! 1934ರಲ್ಲಿ ಆಸ್ಟ್ರೇಲಿಯಾದವರು ಬೇರೆ ಬರಬೇಕು, ಸಂಬಂಧ ಕೆಡಬಾರದು. ಯಾರಾದರೂ ತಪ್ಪೊಪ್ಪಿಕೊಳ್ಳಬೇಕಲ್ಲ? ಜಾರ್ಡಿನ್ ಅಷ್ಟರಲ್ಲಿ ಎಲ್ಲಿದ್ದ ಗೊತ್ತೇ? ನಮ್ಮ ದೇಶದಲ್ಲಿ. ಭಾರತದ ನೆಲದಲ್ಲಿ ನಡೆದ ಮೊದಲ ಟೆಸ್ಟಿಗೆ, 1933ರ ಡಿಸೆಂಬರಿನಲ್ಲಿ, ತಾನು ಹುಟ್ಟಿದ ಬೊಂಬಾಯಿಯಲ್ಲೇ ಇಂಗ್ಲೆಂಡ್ ಕ್ಯಾಪ್ಟನ್ ಆಗಿ ಟಾಸ್ ಹಾಕಿದ. ಲಾಲಾ ಅಮರನಾಥ್ ಶತಕ ಹೊಡೆದ ಪಂದ್ಯ ಅದು. ಪ್ಲಾನು ಮಾಡಿದವನಿಗೆ ಕ್ಯಾಪ್ಟನ್ ಪಟ್ಟ. ಕೈ ತಿರುಗಿಸಿದವನಿಗೆ ಏನು? ನಾಟಿಂಗ್‌ಹ್ಯಾಮ್‌ಶೈರ್ ಕ್ಲಬ್ಬಿನ ಶ್ರೀಮಂತ ಪೋಷಕ ಸರ್ ಜೂಲಿಯನ್ ಕಾನ್ ಕರೆಸಿ ಹೇಳಿದರು: ನಿನ್ನ ಬೌಲಿಂಗಿಗಾಗಿ ಎಂಸಿಸಿಯ (ಆಗ ಇಂಗ್ಲೆಂಡ್ ಕ್ರಿಕೆಟ್ ನಡೆಸುತ್ತಿದ್ದ ಕ್ಲಬ್ಬು) ಕ್ಷಮೆ ಕೇಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಲಾರ್ವುಡ್ ಕೇಳಲಿಲ್ಲ. ಕ್ಯಾಪ್ಟನ್ ಹೇಳಿದ್ದನ್ನು ಮಾಡಿದ್ದೇನೆ, ಕ್ಷಮೆ ಯಾತಕ್ಕೆ ಅಂದ. ಭಾನುವಾರದ ಪತ್ರಿಕೆಯಲ್ಲಿ ಸಿಟ್ಟಿನಲ್ಲಿ ಒಂದಿಷ್ಟು ಬರೆಸಿದ್ದೂ ಹೌದು. ಅದು ಬೇಕಿರಲಿಲ್ಲವೇನೋ, ಬಿಡಿ. ಕೈಯಲ್ಲಿ ಶಕ್ತಿ ಇರಲಿಲ್ಲ ಅಂತೀರಾ? 1936ರಲ್ಲಿ ಕೌಂಟಿ ಸೀಸನ್ನಿನಲ್ಲಿ 119 ವಿಕೆಟ್ ತೆಗೆದ, ಸರಾಸರಿ 12.97. ಇಡೀ ಇಂಗ್ಲೆಂಡಿಗೇ ಮೊದಲನೆಯವನು. ಆದರೂ ಟೆಸ್ಟಿಗೆ ಕರೆ ಇಲ್ಲ. ಒಟ್ಟು 1,427 ಫಸ್ಟ್ ಕ್ಲಾಸ್ ವಿಕೆಟ್ ತೆಗೆದವನ ಹೆಸರಿನಲ್ಲಿ ಟೆಸ್ಟ್ ಎಷ್ಟು? 21.

ಒಂದು ಕ್ಷಮೆ ಕೇಳಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ಕೇಳಿದ್ದೀರಿ. ನಾನು ಇಪ್ಪತ್ನಾಲ್ಕರ ವಯಸ್ಸಿನಲ್ಲಿ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದೆ. ಒಬ್ಬ ದೊಡ್ಡ ಗಿರಾಕಿಯ ಮದುವೆ ಪತ್ರಿಕೆಯಲ್ಲಿ ತಾರೀಕು ತಪ್ಪಾಯಿತು. ಮಾಲೀಕರು ಕೈಯಾರೆ ಬರೆದುಕೊಟ್ಟ ಚೀಟಿಯಲ್ಲೇ ತಪ್ಪಿತ್ತು. ನಾನು ಆ ಚೀಟಿ ನೋಡಿದ್ದೆ. ಆದರೆ ಕ್ಷಮಾಪಣೆ ಪತ್ರ ಬರೆಸಿದ್ದು ಅಚ್ಚಿನ ಮೊಳೆ ಜೋಡಿಸುವ ಹಿರಿಯರ ಕೈಯಲ್ಲಿ. ಸಾವಿರಾರು ಪುಟ ಜೋಡಿಸಿದ ಬೆರಳುಗಳು. ಆ ನಾಲ್ಕು ಸಾಲು ಬರೆಯಲು ಅರ್ಧ ಗಂಟೆ ಹಿಡಿಯಿತು. ಸಹಿ ಹಾಕುವಾಗ ಹೆಬ್ಬೆರಳಿನ ಮಸಿ ಕಾಗದಕ್ಕೆ ಅಂಟಿತು ಅಂತ ಇನ್ನೊಮ್ಮೆ ಬರೆಸಿದರು. ನಾನು ಸುಮ್ನೆ ನಿಂತಿದ್ದೆ. ಅವರ ಗಂಟೇನೂ ಹೋಗಲಿಲ್ಲ, ಕೆಲಸ ಉಳಿಯಿತು. ಆದರೆ ಅವತ್ತಿನಿಂದ ಅವರು ನನ್ನ ಜೊತೆ ಚಹಾಕ್ಕೆ ಬರುವುದನ್ನು ಬಿಟ್ಟರು.

ಇದು ಬೌಲರ್‌ಗಳ ಹಣೆಬರಹವೂ ಹೌದು ಅನ್ನಿಸುತ್ತದೆ. ಫ್ರೆಡ್ ಟ್ರೂಮನ್ ಕೂಡ ಗಣಿ ಸೀಮೆಯವನೇ, ಟೆಸ್ಟಿನಲ್ಲಿ ಮೊದಲು 300 ವಿಕೆಟ್ ಮುಟ್ಟಿದವನು. 1953-54ರ ವೆಸ್ಟ್ ಇಂಡೀಸ್ ಪ್ರವಾಸದ ಕೊನೆಗೆ ಅವನ ‘ಒಳ್ಳೆ ನಡತೆ’ಯ ಬೋನಸ್ ಹಿಡಿದುಕೊಂಡರು. ನಮ್ಮ ಮೈಸೂರಿನ ಶ್ರೀನಾಥ್ ಕತೆ ನಿಮಗೆ ಗೊತ್ತೇ ಇದೆ. 1991ರಲ್ಲಿ ಬ್ರಿಸ್ಬೇನಿನಲ್ಲಿ ಟೆಸ್ಟ್ ಶುರು ಮಾಡಿದವರು ತವರಿನ ಮೊದಲ ಟೆಸ್ಟಿಗೆ 1994ರ ತನಕ ಕಾದರು. ಇಲ್ಲಿಯ ಪಿಚ್ ಸ್ಪಿನ್ನರ್‌ಗಳದ್ದು, ನೀನು ಕೂತಿರು! 1999ರಲ್ಲಿ ಕೋಲ್ಕತ್ತದಲ್ಲಿ ಪಾಕಿಸ್ತಾನದ ಮೇಲೆ 13 ವಿಕೆಟ್ ತೆಗೆದರೂ ಪಂದ್ಯ ಸೋತೆವು. ಇವತ್ತು ಊರ ತುಂಬ ಹೋರ್ಡಿಂಗುಗಳಲ್ಲಿ ನಗುತ್ತಿರುವವರು ಯಾರು ನೋಡಿ, ಹತ್ತರಲ್ಲಿ ಎಂಟು ಬ್ಯಾಟ್ ಹಿಡಿದವರು. ಬೆನ್ನು ಮುರಿದುಕೊಂಡವನ ಫೋಟೋ ಆಸ್ಪತ್ರೆ ಸುದ್ದಿಯ ಜೊತೆ ಬರುತ್ತದೆ. ವಿಷಯ ಎಲ್ಲಿಗೋ ಹೋಯಿತು, ಇರಲಿ.

ಯುದ್ಧ ಮುಗಿದ ಮೇಲೆ ಲಾರ್ವುಡ್ ಬ್ಲ್ಯಾಕ್‌ಪೂಲಿನಲ್ಲಿ ಒಂದು ಮಿಠಾಯಿ ಅಂಗಡಿ ಇಟ್ಟ. ಬೋರ್ಡಿನ ಮೇಲೆ ತನ್ನ ಹೆಸರು ಹಾಕಲಿಲ್ಲ. ಅಲ್ಲಿ ಅವನನ್ನು ಹುಡುಕಿಕೊಂಡು ಬಂದವನು ಯಾರು? ಜ್ಯಾಕ್ ಫಿಂಗಲ್ಟನ್. ಬಾಡಿಲೈನಿನಲ್ಲಿ ಇವನ ಎದುರು ಬ್ಯಾಟ್ ಹಿಡಿದು ಏಟು ತಿಂದ ಆಸ್ಟ್ರೇಲಿಯಾದವನು. ನಮ್ಮ ದೇಶಕ್ಕೆ ಬಂದುಬಿಡು ಎಂದ. 1950ರಲ್ಲಿ ಹೆಂಡತಿ, ಐದು ಹೆಣ್ಣುಮಕ್ಕಳ ಜೊತೆ ಲಾರ್ವುಡ್ ಹಡಗು ಹತ್ತಿದ. ಹಡಗಿನ ಹೆಸರು ‘ಒರೊಂಟಿಸ್’. 1932ರಲ್ಲಿ ಜಾರ್ಡಿನ್ ತಂಡವನ್ನು ಹೊತ್ತೊಯ್ದದ್ದೂ ಅದೇ ಹಡಗು. ಸಿಡ್ನಿಯಲ್ಲಿ ಮನೆ ಸಿಗುವ ತನಕ ಹೋಟೆಲಿನಲ್ಲಿ ಇದ್ದರು. ಅದರ ಅರ್ಧ ಬಿಲ್ಲನ್ನು ಯಾರಿಗೂ ಹೇಳದೆ ಕಟ್ಟಿದ್ದು ಆಸ್ಟ್ರೇಲಿಯಾದ ಮಾಜಿ ಪ್ರಧಾನಿ ಬೆನ್ ಚಿಫ್ಲಿ. ಏಟು ತಿಂದ ದೇಶ ಅವನಿಂದ ಕ್ಷಮೆ ಕೇಳಲಿಲ್ಲ ಮೇಷ್ಟ್ರೇ, ಮನೆ ಕೊಟ್ಟಿತು. ಅವನ ಸ್ವಂತ ದೇಶ ಒಂದು ಎಂಬಿಇ ಪದಕ ಕೊಟ್ಟದ್ದು 1993ರಲ್ಲಿ. ಆಗ ಅವನಿಗೆ ಎಂಬತ್ತೆಂಟು. ಎರಡು ವರ್ಷ ಕಳೆದು ಸಿಡ್ನಿಯಲ್ಲೇ ತೀರಿಕೊಂಡ.

ಅವನ ಮನೆಯಲ್ಲಿ ಒಂದು ಬೆಳ್ಳಿಯ ಆಶ್‌ಟ್ರೇ ಇತ್ತು. ‘ಆ್ಯಶಸ್ ಗೆದ್ದುಕೊಟ್ಟ ಹೆರಾಲ್ಡ್‌ಗೆ, ಋಣಿಯಾದ ಕ್ಯಾಪ್ಟನ್ನಿನಿಂದ’ ಅನ್ನುವ ಅರ್ಥದ ಕೆತ್ತನೆ ಅದರ ಮೇಲೆ. ಆ್ಯಶಸ್ ಅಂದರೆ ಇಂಗ್ಲೆಂಡ್-ಆಸ್ಟ್ರೇಲಿಯಾ ಟೆಸ್ಟ್ ಸರಣಿಯ ಪಟ್ಟ. ಜಾರ್ಡಿನ್ ಕೊಟ್ಟದ್ದು. ಲಾರ್ವುಡ್ ಅದನ್ನು ಕೊನೆಯ ತನಕ ಜೋಪಾನ ಮಾಡಿದ. ನಾನು ಜಾರ್ಡಿನ್ ಮೇಲೆ ಇಷ್ಟು ಹಲ್ಲು ಕಡಿಯುತ್ತೇನೆ. ಲಾರ್ವುಡ್‌ಗೆ ಮಾತ್ರ ತನ್ನ ಕ್ಯಾಪ್ಟನ್ ಮೇಲೆ ಸಿಟ್ಟಿರಲಿಲ್ಲ.

ಕಡೆಯದಾಗಿ, ನೀವು ನನ್ನಿಂದ ಕೇಳಿರುವ ಕ್ಷಮೆ. ಲಾರ್ವುಡ್‌ನನ್ನು ಹೊಗಳಿದ್ದಕ್ಕೆ ಕೇಳುವುದಿಲ್ಲ. ಆದರೆ ಆ ಲೇಖನದಲ್ಲಿ ಒಂದು ತಪ್ಪಿತ್ತು, ನೀವು ಅದನ್ನೇ ನಂಬಿ ವಾದ ಕಟ್ಟಿದ್ದೀರಿ. ಫೋಟೋದ ಕೆಳಗೆ ‘ಬಾಡಿಲೈನ್ ಎಸೆತಕ್ಕೆ ಓಲ್ಡ್‌ಫೀಲ್ಡ್ ತಲೆಬುರುಡೆ ಬಿರುಕು’ ಎಂದು ಅಚ್ಚಾಗಿತ್ತು. ಆ ಚೆಂಡು ಬಿದ್ದಾಗ ಬಾಡಿಲೈನ್ ಫೀಲ್ಡಿಂಗ್ ಇರಲೇ ಇಲ್ಲ, ಮಾಮೂಲಿ ಫೀಲ್ಡಿಂಗ್ ಇತ್ತು. ಓಲ್ಡ್‌ಫೀಲ್ಡ್ ಹುಕ್ ಹೊಡೆಯಲು ಹೋಗಿ ಚೆಂಡು ಬ್ಯಾಟಿನ ಅಂಚಿಗೆ ತಾಗಿ ತಲೆಗೆ ಬಡಿದದ್ದು. ಲಾರ್ವುಡ್ಡನ ತಪ್ಪಲ್ಲ ಎಂದು ಸ್ವತಃ ಓಲ್ಡ್‌ಫೀಲ್ಡನೇ ಹೇಳಿದ. ಲೇಖಕರು ಇದನ್ನು ಸರಿಯಾಗಿಯೇ ಬರೆದಿದ್ದರು. ಜಾಗ ಸಾಲದೆ ಆ ವಾಕ್ಯ ತೆಗೆದು, ಫೋಟೋದ ಕೆಳಗೆ ಆ ಸಾಲು ಹಾಕಿದವನು ನಾನು. ಲೇಖಕರದ್ದಾಗಲಿ ಪುಟ ಕಟ್ಟಿದ ಹುಡುಗಿಯದ್ದಾಗಲಿ ಏನೂ ತಪ್ಪಿಲ್ಲ. ಕ್ಷಮಿಸಿ.

– ಸಂಪಾದಕ