ಹರ್ಜಲ್‌ಗೆ ಮೊದಲೂ ಜನ ಇದ್ದರು

ಮೈಸೂರಿನ ಓದುಗರೊಬ್ಬರು ಬರೆದಿದ್ದಾರೆ: "ಮೊದಲ ಮಹಾಯುದ್ಧದಲ್ಲಿ ಪ್ಯಾಲೆಸ್ಟೈನಿನ ಹೈಫಾದಲ್ಲಿ ಹೋರಾಡಿದ ಮೈಸೂರು ಲ್ಯಾನ್ಸರ್ಸ್ ಕುದುರೆಪಡೆಯ ಬಗ್ಗೆ ಕಳೆದ ಸಂಚಿಕೆಯ ಲೇಖನ ಚೆನ್ನಾಗಿತ್ತು. ಆದರೆ ಅದರಲ್ಲಿ ಯಹೂದಿ ರಾಷ್ಟ್ರೀಯ ಚಳವಳಿಯ ಪ್ರಸ್ತಾಪ ಬಂದಾಗ ಥಿಯೋಡರ್ ಹರ್ಜಲ್‌ಗೆ ಕೊಟ್ಟಿದ್ದು ಒಂದೇ ಸಾಲು. ಝಿಯೋನಿಸಂ, ಅಂದರೆ ಯಹೂದಿಗಳಿಗೆ ತಮ್ಮದೇ ನಾಡು ಬೇಕೆಂಬ ಈ ಚಳವಳಿ, ಆ ಒಬ್ಬ ಪತ್ರಕರ್ತನ ತಲೆಯಿಂದ ಹುಟ್ಟಿದ್ದು. 1897ಕ್ಕೆ ಮುಂಚೆ ಬರೀ ಪ್ರಾರ್ಥನೆ ಇತ್ತು, ಚಳವಳಿ ಇರಲಿಲ್ಲ. ಅವರ ಬಗ್ಗೆ ಒಂದು ವಿಶೇಷ ಸಂಚಿಕೆ ತನ್ನಿ."

ಸಂಪಾದಕರ ಉತ್ತರ:

ಹರ್ಜಲ್ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಕರೆದ ಮೊದಲ ಝಿಯೋನಿಸ್ಟ್ ಸಮ್ಮೇಳನದ ಇಸವಿ ನೆನಪಿಟ್ಟುಕೊಂಡು ಜಗಳಕ್ಕೆ ಬರುವ ಓದುಗರು ಸಿಕ್ಕಿದರೆ ಪತ್ರಿಕೆ ನಡೆಸುವವನಿಗೆ ಇನ್ನೇನು ಬೇಕು? ಪತ್ರ ಓದಿ ನಿಜಕ್ಕೂ ಖುಷಿಯಾಯಿತು. ಹರ್ಜಲ್ ದೊಡ್ಡ ಮನುಷ್ಯ, ಒಪ್ಪುತ್ತೇನೆ. 1897ರ ಆಗಸ್ಟ್ ಕೊನೆಯಲ್ಲಿ ಬಾಸೆಲ್‌ಗೆ ಬಂದ ಪ್ರತಿನಿಧಿಗಳು ಕರಿ ಕೋಟು, ಬಿಳಿ ಟೈ ಹಾಕಿಕೊಂಡೇ ಬರಬೇಕೆಂದು ಹರ್ಜಲ್ ಹಟ ಹಿಡಿದರು. ಗೆಳೆಯ ಮ್ಯಾಕ್ಸ್ ನೋರ್ಡೌ ಬೇರೆ ಕೋಟಿನಲ್ಲಿ ಬಂದಾಗ ಬಿಡದೆ ಬಟ್ಟೆ ಬದಲಿಸುವಂತೆ ಮಾಡಿದರು. ನೋಡಿದವರಿಗೆ ಅದು ಸಂಸತ್ತಿನ ಹಾಗೆ ಕಾಣಬೇಕು ಎಂಬುದು ಅವರ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು.

ಆದರೆ ಆ ಸಭೆ ತುಂಬಲು ಇನ್ನೂರರಷ್ಟು ಜನ ಎಲ್ಲಿಂದ ಬಂದರು ಸ್ವಾಮಿ? ಒಂದು ಆಮಂತ್ರಣ ಪತ್ರಿಕೆ ನೋಡಿ ಎದ್ದು ಬಂದರೇ? ಅವರಲ್ಲಿ ಎಷ್ಟೋ ಜನ ರಷ್ಯಾ ಸಾಮ್ರಾಜ್ಯದವರು. ಹರ್ಜಲ್ ಹೆಸರು ಕೇಳುವ ಮೊದಲೇ ಅವರು ಊರೂರಿನಲ್ಲಿ ಸಂಘ ಕಟ್ಟಿದ್ದರು, ಚಂದಾ ಎತ್ತಿದ್ದರು.

1881ಕ್ಕೆ ಹೋಗೋಣ. ಮಾರ್ಚ್‌ನಲ್ಲಿ ರಷ್ಯದ ಝಾರ್ (ಚಕ್ರವರ್ತಿ) ಎರಡನೇ ಅಲೆಕ್ಸಾಂಡರನ ಕೊಲೆಯಾಯಿತು. ಅದಕ್ಕೆ ಯಹೂದಿಗಳೇ ಕಾರಣ ಎಂಬ ಗುಲ್ಲೆದ್ದು, ಏಪ್ರಿಲ್‌ನಲ್ಲಿ ಇಂದಿನ ಉಕ್ರೇನಿನ ಎಲಿಸವೆಟ್‌ಗ್ರಾಡ್‌ನಲ್ಲಿ ಅವರ ಅಂಗಡಿ, ಮನೆಗಳ ಮೇಲೆ ದಾಳಿ ಶುರುವಾಗಿ ದಕ್ಷಿಣದ ಊರುಗಳಿಗೆಲ್ಲ ಹಬ್ಬಿತು. ಒಡೆಸ್ಸಾದ ಡಾಕ್ಟರ್ ಲಿಯೋನ್ ಪಿನ್ಸ್‌ಕರ್ ಅಲ್ಲಿಯವರೆಗೆ ಏನು ನಂಬಿದ್ದರು ಗೊತ್ತೇ? ನಮ್ಮವರು ರಷ್ಯನ್ ಕಲಿತು ರಷ್ಯದವರೊಂದಿಗೆ ಬೆರೆತರೆ ಎಲ್ಲ ಸರಿಹೋಗುತ್ತದೆ ಎಂದು. ಆ ನಂಬಿಕೆ ಮುರಿದುಬಿತ್ತು. 1882ರಲ್ಲಿ ಹೆಸರು ಹಾಕದೆ ಜರ್ಮನ್ ಭಾಷೆಯಲ್ಲಿ ಒಂದು ಸಣ್ಣ ಪುಸ್ತಕ ಅಚ್ಚು ಹಾಕಿಸಿದರು. ಬೇರೆಯವರು ಬಂದು ಬಿಡುಗಡೆ ಕೊಡುವುದಿಲ್ಲ, ನಮ್ಮ ಬಿಡುಗಡೆ ನಾವೇ ಮಾಡಿಕೊಳ್ಳಬೇಕು, ಅದಕ್ಕೆ ನಮ್ಮದೊಂದು ನೆಲ ಬೇಕು ಎನ್ನುವುದು ಅದರ ತಿರುಳು.

ಅದೇ ವರ್ಷ ಖಾರ್ಕೊವ್‌ನ ಯಹೂದಿ ವಿದ್ಯಾರ್ಥಿಗಳು ಪ್ಯಾಲೆಸ್ಟೈನ್‌ಗೆ ಹೋಗಿ ನೆಲೆಸಲು 'ಬಿಲು' ಗುಂಪು ಕಟ್ಟಿದರು. ಮೊದಲ 14 ಜನ ಜುಲೈನಲ್ಲಿ ಅಲ್ಲಿನ ಯಾಫಾ ಬಂದರಿಗೆ ಇಳಿದರು. ಹಾರೆ ಗುದ್ದಲಿ ಮುಟ್ಟಿ ಗೊತ್ತಿಲ್ಲದ ಹುಡುಗರು ಊರಾಚೆಯ ಮಿಕ್ವೆ ಇಸ್ರೇಲ್ ಕೃಷಿ ಶಾಲೆಯಲ್ಲಿ ಕೂಲಿ ಮಾಡಿ ಬೇಸಾಯ ಕಲಿತರು. 1884ರಲ್ಲಿ ಇಂದಿನ ಪೋಲೆಂಡ್‌ನ ಕತೋವಿಟ್ಸ್‌ನಲ್ಲಿ ಇಂಥ ಸಂಘಗಳೆಲ್ಲ ಪಿನ್ಸ್‌ಕರ್ ಅಧ್ಯಕ್ಷತೆಯಲ್ಲಿ ಸಭೆ ಸೇರಿದವು. ಝಿಯೋನಿಸಂ ಎಂಬ ಹೆಸರನ್ನು 1890ರಲ್ಲಿ ಚಲಾವಣೆಗೆ ತಂದದ್ದು ವಿಯೆನ್ನಾದ ನೇಥನ್ ಬಿರ್ನ್‌ಬೌಮ್. ಇದೆಲ್ಲ ಬರೀ ಪ್ರಾರ್ಥನೆಯೇ?

ಹರ್ಜಲ್ ಪಿನ್ಸ್‌ಕರ್ ಪುಸ್ತಕ ಓದಿದ್ದು 1896ರ ಫೆಬ್ರವರಿಯಲ್ಲಿ. ಆ ಹೊತ್ತಿಗೆ ಅವರದೇ 'ಯಹೂದಿ ರಾಜ್ಯ' ಪುಸ್ತಕದ ಅಚ್ಚಿನ ಕೆಲಸ ಮುಗಿದಿತ್ತು. ಇದನ್ನು ಮೊದಲೇ ಓದಿದ್ದರೆ ನಾನು ಆ ಕೆಲಸವನ್ನೇ ಕೈಬಿಡುತ್ತಿದ್ದೆನೇನೋ ಎಂದು ದಿನಚರಿಯಲ್ಲಿ ಬರೆದುಕೊಂಡಿದ್ದಾರೆ. ನಿಮ್ಮ ನಾಯಕರಿಗೇ ಇಲ್ಲದ ಹಟ ನಿಮಗೇಕೆ?

ಹೌದು, ಇವರೆಲ್ಲ ಅಲ್ಪಸಂಖ್ಯಾತರಲ್ಲೇ ಅಲ್ಪಸಂಖ್ಯಾತರು. ಆಗ ಊರು ಬಿಟ್ಟ ಯಹೂದಿಗಳಲ್ಲಿ ಹೆಚ್ಚಿನವರು ಹಡಗು ಹತ್ತಿದ್ದು ಅಮೆರಿಕಕ್ಕೆ. 1897ರಲ್ಲೇ ವಿಲ್ನಾದಲ್ಲಿ ಹುಟ್ಟಿದ ಯಹೂದಿ ಕಾರ್ಮಿಕರ ಬುಂಡ್ ಪಕ್ಷವಂತೂ ನಾವು ಇಲ್ಲೇ ಇದ್ದು ಕಾರ್ಮಿಕರಾಗಿ ಹೋರಾಡುತ್ತೇವೆ ಎಂದಿತು.

ನನಗೆ ಈ ಕಥೆಯಲ್ಲಿ ಎಲ್ಲರಿಗಿಂತ ಪ್ರಿಯರಾದವರು ಆಶರ್ ಗಿನ್ಸ್‌ಬರ್ಗ್. ಅಹದ್ ಹಾಮ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದರು. ಹೊಟ್ಟೆಪಾಡಿಗೆ ಒಂದು ಟೀ ಕಂಪನಿಯಲ್ಲಿ ಕೆಲಸ ಮಾಡಿದವರು. 1891ರಲ್ಲಿ ಪ್ಯಾಲೆಸ್ಟೈನ್‌ಗೆ ಹೋಗಿ ಕಣ್ಣಾರೆ ನೋಡಿ ಬಂದು ಹೀಬ್ರೂವಿನಲ್ಲಿ ಬರೆದರು: ಅದು ಪಾಳುಬಿದ್ದ ನೆಲ ಅಂತ ದೂರದಲ್ಲಿ ಕೂತು ಅಂದುಕೊಂಡಿದ್ದೇವೆ, ಆದರೆ ಉತ್ತು ಬಿತ್ತದ ಒಳ್ಳೆ ಭೂಮಿ ಅಲ್ಲಿ ಸಿಗುವುದೇ ಕಷ್ಟ. ಅರಬರು ಏನೂ ತಿಳಿಯದವರು ಎಂದುಕೊಳ್ಳುವುದು ತಪ್ಪು, ನಮ್ಮ ವಲಸಿಗರು ಅವರೊಂದಿಗೆ ಕ್ರೂರವಾಗಿ ನಡೆದುಕೊಳ್ಳುತ್ತಿರುವುದು ಇನ್ನೂ ದೊಡ್ಡ ತಪ್ಪು. ಚಳವಳಿಯ ಒಳಗಿದ್ದುಕೊಂಡೇ, ಬಾಸೆಲ್‌ಗೆ ಆರು ವರ್ಷ ಮೊದಲೇ ಆಡಿದ ಮಾತಿದು! ಬಾಸೆಲ್‌ಗೆ ಅತಿಥಿಯಾಗಿ ಹೋದವರು, ಮದುವೆ ಮನೆಯಲ್ಲಿ ಸೂತಕದವನಂತೆ ಕೂತಿದ್ದೆ ಎಂದು ಬರೆದರು. ಆ ಎಚ್ಚರಿಕೆಗೆ ಅವತ್ತೇ ಕಿವಿಗೊಟ್ಟಿದ್ದರೆ ಎಂದು ಇವತ್ತಿನ ಪೇಪರ್ ತೆರೆದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಇನ್ನೊಂದು ಘಟನೆ. 1903ರಲ್ಲಿ ರಷ್ಯಾ ಸಾಮ್ರಾಜ್ಯದ ಕಿಶಿನೇವ್‌ನಲ್ಲಿ ಯಹೂದಿಗಳ ಹತ್ಯಾಕಾಂಡ ನಡೆಯಿತು. ಅದೇ ವರ್ಷ ಹರ್ಜಲ್ ಯಹೂದಿಗಳಿಗೆ ಪೂರ್ವ ಆಫ್ರಿಕಾದಲ್ಲಿ ಜಾಗ ಕೊಡುವ ಬ್ರಿಟನ್ನಿನ ಪ್ರಸ್ತಾಪವನ್ನು ಸಮ್ಮೇಳನದ ಮುಂದಿಟ್ಟರು. ನೋಡಿಕೊಂಡು ಬರಲು ತಂಡ ಕಳಿಸೋಣ ಎಂದವರು 295, ಬೇಡ ಎಂದವರು 178. ಬೇಡ ಎಂದವರಲ್ಲಿ ಹೆಚ್ಚಿನವರು ರಷ್ಯದವರು, ಕಿಶಿನೇವ್‌ನ ಪ್ರತಿನಿಧಿಗಳೂ ಅವರ ಜೊತೆಗೇ ಇದ್ದರು. ಕುತ್ತಿಗೆಗೆ ಹಗ್ಗ ಬಿದ್ದಿದ್ದರೂ ಬೇಡ ಅಂತಾರಲ್ಲ ಎಂದು ಹರ್ಜಲ್ ಬೆರಗಾದರಂತೆ. ಚಳವಳಿ ಅವರೊಬ್ಬರ ಸೃಷ್ಟಿಯಾಗಿದ್ದರೆ ಅವರ ಮಾತು ಮೀರುವ ಧೈರ್ಯ ಈ ಜನಕ್ಕೆ ಎಲ್ಲಿಂದ ಬರುತ್ತಿತ್ತು? 1904ರಲ್ಲಿ, 44ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಮರುವರ್ಷ ಸಮ್ಮೇಳನ ಆ ಪ್ರಸ್ತಾಪವನ್ನು ಪೂರ್ತಿ ತಳ್ಳಿಹಾಕಿತು. ಚಳವಳಿ ಮಾತ್ರ ನಿಲ್ಲಲಿಲ್ಲ.

ನಿಮ್ಮೊಬ್ಬರ ಮೇಲೆ ರೇಗಿ ಪ್ರಯೋಜನವಿಲ್ಲ ಬಿಡಿ. ನಮ್ಮ ಕಚೇರಿಗೆ ಬರುವ ಚರಿತ್ರೆಯ ಲೇಖನಗಳಲ್ಲಿ ಜಯಂತಿ ಲೇಖನಗಳೇ ಜಾಸ್ತಿ. ಒಬ್ಬ ಮಹಾಪುರುಷ, ಒಂದು ಇಸವಿ, ಒಂದು ಫೋಟೋ. ಈಚೆಗೆ ಒಂದು ಕಾಲೇಜಿನಲ್ಲಿ ಇದೇ ವಿಷಯ ಮಾತಾಡಿ ಮುಗಿಸಿದಾಗ ಒಬ್ಬ ಹುಡುಗ ಎದ್ದು, "ಸರ್, ಸ್ಥಾಪಕರು ಯಾರು ಅಂತ ಒಂದೇ ಹೆಸರು ಹೇಳಿ, ಬರ್ಕೋತೀವಿ" ಅಂದ. ಅವನ ತಪ್ಪಲ್ಲ, ಎರಡು ಅಂಕದ ಉತ್ತರದಲ್ಲಿ ಒಡೆಸ್ಸಾದ ಕಥೆ ಹಿಡಿಯುವುದಿಲ್ಲ. ನೀವು ಮೆಚ್ಚಿದ ಲೇಖನ ಹಾಕಿದ್ದೂ ಇದೇ ಸಂಕಟಕ್ಕೆ. 1918ರ ಸೆಪ್ಟೆಂಬರ್ 23ರ ಹೈಫಾ ಎಂದರೆ ಜೋಧಪುರದ ಮೇಜರ್ ದಳಪತ್ ಸಿಂಗ್ ಹೆಸರು ಬರುತ್ತದೆ, ಬರಲೇಬೇಕು. ಅವತ್ತು ಅವರ ಜೊತೆ ಹೋರಾಡಿದ ಮೈಸೂರಿನ ಸವಾರರಲ್ಲಿ ಒಬ್ಬರ ಹೆಸರನ್ನಾದರೂ ನಮ್ಮ ಮಕ್ಕಳು ಹೇಳುತ್ತಾರಾ?

ಹರ್ಜಲ್ ವಿಶೇಷಾಂಕ ತರುವುದಿಲ್ಲ. ಹರ್ಜಲ್‌ಗೆ ಮೊದಲಿನ ಈ ಜನರ ಬಗ್ಗೆ ಕೆಲವು ಪುಟ ತೆಗೆದಿಡುತ್ತೇನೆ. ಅದರಲ್ಲಿ ಹರ್ಜಲ್ ಬಗ್ಗೆ ನೀವೇ ಬರೆಯಿರಿ. ನಿಮ್ಮ ಭಾಷೆ ಚೆನ್ನಾಗಿದೆ, ವಾದ ಮಾಡುವ ಗಟ್ಟಿತನವೂ ಇದೆ. ಪಿನ್ಸ್‌ಕರ್ ಮತ್ತು ಅಹದ್ ಹಾಮ್ ಬರೆದಿದ್ದನ್ನು ಓದಿಕೊಂಡು ಬರೆಯಿರಿ, ಲೇಖನವನ್ನು ಮಾತ್ರ ಬಾಸೆಲ್‌ನಿಂದ ಶುರು ಮಾಡಬೇಡಿ.