ರಿಪೋರ್ಟ್ ನಾರ್ಮಲ್ ಬಂದ ಮೇಲೂ ನಿದ್ದೆ ಬರದಿದ್ದರೆ

ಪ್ರಿಯ ಓದುಗರೇ,

ನಿಮ್ಮ ಪತ್ರ ಓದಿದೆ. ನ್ಯುಮೋನಿಯಾ ಜೋರಾಗಿ ವೆಂಟಿಲೇಟರ್‌ವರೆಗೂ ಹೋಗಿದ್ದ ನಿಮ್ಮ ಯಜಮಾನರು ಮನೆಗೆ ಬಂದು ಎರಡು ತಿಂಗಳಾಯಿತು, ರಿಪೋರ್ಟ್‌ಗಳೆಲ್ಲ ನಾರ್ಮಲ್, ಆದರೂ ರಾತ್ರಿ ಮಲಗುವುದಿಲ್ಲ, ಮೊಬೈಲ್ ಬೀಪ್ ಅಂದರೆ ಬೆಚ್ಚಿ ಬೀಳುತ್ತಾರೆ, ಐಸಿಯುನಲ್ಲಿ ನರ್ಸ್‌ಗಳು ಕೈ ಕಟ್ಟಿಹಾಕಿ ಕೊಲ್ಲಲು ನೋಡಿದರು ಅಂತ ಈಗಲೂ ನಂಬಿದ್ದಾರೆ ಎಂದಿದ್ದೀರಿ. ನೋಡಲು ಬಂದವರೆಲ್ಲ ‘ಗಂಡಾಂತರ ಕಳೀತಲ್ಲ, ಇನ್ನೇನು’ ಅನ್ನುತ್ತಾರೆ. ಇವರಿಗೆ ತಲೆ ಕೆಡುತ್ತಿದೆಯಾ ಅಂತ ಕೇಳಿದ್ದೀರಿ.

ಹಾಗೆ ಹೆದರಬೇಡಿ. ನೀವು ಬರೆದಿರುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ತೊಂದರೆ. ಐಸಿಯುನಿಂದ ಬದುಕಿ ಬಂದವರಲ್ಲಿ ಉಳಿಯುವ ಸುಸ್ತು, ಮರೆವು, ಭಯ, ಖಿನ್ನತೆ ಎಲ್ಲಕ್ಕೂ ಸೇರಿಸಿ ‘ಪೋಸ್ಟ್ ಇಂಟೆನ್ಸಿವ್ ಕೇರ್ ಸಿಂಡ್ರೋಮ್’ ಅಂತಲೇ ಹೆಸರಿದೆ. 2003ರಲ್ಲಿ ಹರಡಿದ ಸಾರ್ಸ್ ಎಂಬ ಶ್ವಾಸಕೋಶದ ಸೋಂಕಿನಿಂದ ಚೇತರಿಸಿಕೊಂಡ 90 ಜನರನ್ನು ಹಾಂಗ್‌ಕಾಂಗ್‌ನಲ್ಲಿ ಎರಡೂವರೆ ವರ್ಷದ ನಂತರ ಪರೀಕ್ಷಿಸಿದಾಗ, ಸುಮಾರು ಕಾಲುಭಾಗ ಜನರಲ್ಲಿ ಆಘಾತದ ನಂತರದ ಒತ್ತಡದ ಕಾಯಿಲೆ, ಅಂದರೆ ಪಿಟಿಎಸ್‌ಡಿ, ಇನ್ನೂ ಇತ್ತು. ಅವರ ಸೋಂಕು ವಾಸಿಯಾಗಿ ಎಷ್ಟೋ ಕಾಲವಾಗಿತ್ತು.

ಆ ‘ಕೊಲ್ಲಲು ನೋಡಿದರು’ ಅನ್ನುವ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ, ಏಕೆಂದರೆ ನಿಮ್ಮನ್ನು ಜಾಸ್ತಿ ಹೆದರಿಸಿರುವುದು ಅದೇ. ಸೋಂಕು, ಜ್ವರ, ಆಮ್ಲಜನಕದ ಕೊರತೆ, ಮಂಪರು ಬರಿಸುವ ಔಷಧಿ, ಹಗಲು ರಾತ್ರಿ ಒಂದೇ ಥರ ಉರಿಯುವ ದೀಪ ಎಲ್ಲ ಸೇರಿ ಮೆದುಳು ಗೊಂದಲಕ್ಕೆ ಬೀಳುತ್ತದೆ. ಇದಕ್ಕೆ ಡೆಲಿರಿಯಂ ಅನ್ನುತ್ತಾರೆ, ವೆಂಟಿಲೇಟರ್‌ನಲ್ಲಿರುವವರಲ್ಲಿ ಇದು ತೀರಾ ಸಾಮಾನ್ಯ. ಗಂಟಲೊಳಗೆ ಕೊಳವೆ, ಮಾತು ಹೊರಡುವುದಿಲ್ಲ, ಕೊಳವೆ ಕಿತ್ತುಕೊಳ್ಳಬಾರದು ಅಂತ ಕೆಲವೊಮ್ಮೆ ಕೈ ಕಟ್ಟಿರುತ್ತಾರೆ, ಮುಖ ಮುಚ್ಚಿಕೊಂಡ ಯಾರೋ ಬಂದು ಕಫ ಎಳೆಯುವಾಗ ಉಸಿರೇ ನಿಂತ ಹಾಗೆ ಆಗುತ್ತದೆ. ಆ ಸ್ಥಿತಿಯಲ್ಲಿರುವ ಮನುಷ್ಯನಿಗೆ ಇದು ಕೊಲೆಯ ಪ್ರಯತ್ನದ ಹಾಗೆ ಕಾಣದೆ ಇನ್ನೇನಾಗಿ ಕಾಣಬೇಕು? ಅವರ ಪಾಲಿಗೆ ಅದು ಕನಸಲ್ಲ, ನಡೆದ ಘಟನೆ.

ಅದಕ್ಕೇ ‘ಹಾಗೇನೂ ಆಗಿಲ್ಲ, ಸುಮ್ನಿರಿ’ ಅನ್ನಬೇಡಿ. ವಾದ ಮಾಡಿದರೆ ಅವರು ಮಾತು ನಿಲ್ಲಿಸುತ್ತಾರೆ, ಭಯ ಒಳಗೇ ಉಳಿಯುತ್ತದೆ. ಪೂರ್ತಿ ಹೇಳಲು ಬಿಡಿ. ಆಮೇಲೆ, ಅವರು ಕೇಳಲು ಸಿದ್ಧರಿದ್ದರೆ ಮಾತ್ರ, ಆ ದಿನಗಳಲ್ಲಿ ನಿಜವಾಗಿ ಏನು ನಡೆಯಿತು ಅಂತ ಹೇಳಿ. ಉತ್ತರ ಯುರೋಪಿನ ಐಸಿಯುಗಳಲ್ಲಿ ನರ್ಸ್‌ಗಳೂ ಮನೆಯವರೂ ರೋಗಿಗಾಗಿ ದಿನಚರಿ ಬರೆದಿಟ್ಟು, ಹುಷಾರಾದ ಮೇಲೆ ಕೊಡುವ ರೂಢಿ ಶುರುವಾಯಿತು. ಅದರಿಂದ ಪಿಟಿಎಸ್‌ಡಿ ತಪ್ಪುತ್ತದೆಯೇ ಅನ್ನುವುದರಲ್ಲಿ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಆದರೂ ಖಾಲಿ ಬಿಟ್ಟುಹೋದ ದಿನಗಳನ್ನು ಒಬ್ಬರು ಪಕ್ಕದಲ್ಲಿ ಕೂತು ತುಂಬಿಕೊಡುವುದು ಸಣ್ಣ ಸಹಾಯವಲ್ಲ ಅಂತ ನನಗೆ ಅನಿಸುತ್ತದೆ. ಆಗ ನೀವು ನೆಂಟರಿಗೆ ಕಳಿಸಿದ ವಾಟ್ಸಾಪ್ ಮೆಸೇಜುಗಳು, ಡಿಸ್‌ಚಾರ್ಜ್ ಹಾಳೆ, ಇವೇ ಸಾಕಾಗಬಹುದು.

ಇಷ್ಟರಿಂದಲೇ ಎಲ್ಲ ಸರಿಹೋಗುತ್ತದೆ ಅಂತ ಹೇಳುತ್ತಿಲ್ಲ. ಕೆಟ್ಟ ಕನಸು, ಬೆಚ್ಚುವುದು, ಆಸ್ಪತ್ರೆ ಅಂದರೆ ದೂರ ಓಡುವುದು ತಿಂಗಳು ದಾಟಿದರೆ ಮನೋವೈದ್ಯರನ್ನು ಕಾಣಲೇಬೇಕು, ನಿಮ್ಮ ವಿಷಯದಲ್ಲಿ ಆಗಲೇ ದಾಟಿದೆ. ಆಘಾತಕ್ಕೆಂದೇ ರೂಪಿಸಿದ ಮಾತಿನ ಚಿಕಿತ್ಸೆ ಇದೆ, ಬೇಕಾದರೆ ಔಷಧಿಯೂ ಇದೆ. ನಿದ್ದೆ ಮಾತ್ರೆಯನ್ನು ನೀವಾಗಿಯೇ ತಂದು ಕೊಡಬೇಡಿ. ಸ್ಟೀರಾಯ್ಡ್ ಇನ್ನೂ ನಡೆಯುತ್ತಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ, ಅದು ನಿದ್ದೆ ಮತ್ತು ಮನಸ್ಸು ಎರಡನ್ನೂ ಕೆಡಿಸಬಹುದು, ಆದರೆ ತಾವಾಗಿ ತಟ್ಟನೆ ನಿಲ್ಲಿಸುವಂತಿಲ್ಲ. ‘ಸತ್ತಿದ್ದರೇ ಚೆನ್ನಾಗಿತ್ತು’ ಅನ್ನುವ ಮಾತು ಬಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ, ಅಪಾಯಿಂಟ್‌ಮೆಂಟ್‌ಗೆ ಕಾಯದೆ ಅವತ್ತೇ ಕರೆದುಕೊಂಡು ಹೋಗಿ.

ಇನ್ನೊಂದು ವಿಷಯ. ಪತ್ರದಲ್ಲಿ ನಿಮ್ಮ ಬಗ್ಗೆ ಒಂದೇ ಸಾಲು ಇದೆ: ‘ನಾನು ಆರಾಮಾಗಿದ್ದೀನಿ, ರಾತ್ರಿ ಅವರ ಉಸಿರು ನೋಡ್ತಾ ಕೂರ್ತೀನಿ ಅಷ್ಟೇ.’ ಇದನ್ನು ಆರಾಮು ಅನ್ನಲು ಆಗುವುದಿಲ್ಲ. ಐಸಿಯು ಹೊರಗೆ ಕಾದ ಮನೆಯವರಿಗೂ ಇದೇ ಭಯ, ಇದೇ ನಿದ್ದೆಗೇಡು ಬರುತ್ತದೆ, ವೈದ್ಯರು ಅದನ್ನೂ ಗುರುತಿಸಿದ್ದಾರೆ. ಯಜಮಾನರನ್ನು ಕರೆದುಕೊಂಡು ಹೋದ ದಿನ ಅದೇ ವೈದ್ಯರ ಹತ್ತಿರ ನಿಮ್ಮ ರಾತ್ರಿಗಳ ಬಗ್ಗೆಯೂ ಹೇಳಿ.