‘ಸಿಸ್ಟರ್ ಗಟ್ಟಿ ಇದ್ದಾರೆ’

(ಹೆಸರು ಮತ್ತು ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

ಸುಮಾ ಆಪ್ತಸಮಾಲೋಚನೆಗೆಂದು ನನ್ನ ಹತ್ತಿರ ಬಂದಿದ್ದು ಅತ್ತೆಯ ಒತ್ತಾಯಕ್ಕೆ. ವಯಸ್ಸು 34. ಶಿವಮೊಗ್ಗದ ಒಂದು ಆಸ್ಪತ್ರೆಯ ಐಸಿಯುನಲ್ಲಿ ಒಂಬತ್ತು ವರ್ಷದಿಂದ ನರ್ಸ್. ಮನೆ ತೀರ್ಥಹಳ್ಳಿ ರಸ್ತೆಯಲ್ಲಿ, ಗಾಜನೂರು ದಾಟಿದ ಮೇಲೆ.

“ಕುಕ್ಕರ್ ಕೂಗಿದ್ರೆ ಬೆಚ್ಚಿ ಬೀಳ್ತಾಳೆ. ಮಗು ಅತ್ರೆ ಮಾತ್ರ ಏಳೋದೇ ಇಲ್ಲ” ಎಂದರು ಅತ್ತೆ. ದೂರಿನ ದನಿಯಲ್ಲ, ಗಾಬರಿಯ ದನಿ.

ಸುಮಾ ಬಾಯಿ ಬಿಟ್ಟಿದ್ದು ಅತ್ತೆ ಹೊರಗೆ ಹೋದ ಮೇಲೆ. ಒಂದು ರಾತ್ರಿ ಅವರ ಪಾಲಿಗೆ ಮೂರು ಬೆಡ್, ಎರಡರಲ್ಲಿ ವೆಂಟಿಲೇಟರ್. ವೆಂಟಿಲೇಟರ್ ಮೇಲಿರುವ ಒಬ್ಬ ರೋಗಿಗೆ ಒಬ್ಬ ನರ್ಸ್ ಇರಬೇಕು ಅನ್ನುವುದು ನಿಯಮ. ರಜೆ ಹಾಕಿದವರ ಜಾಗಕ್ಕೆ ಯಾರೂ ಬಂದಿರಲಿಲ್ಲ. ಆ ಮೂರರಲ್ಲಿ ನಾಲ್ಕನೇ ನಂಬರ್ ಬೆಡ್‌ನಲ್ಲಿ ಕೀಟನಾಶಕ ಕುಡಿದ ಹುಡುಗ. ಅಂಥವರಿಗೆ ವಿಷಕ್ಕೆ ಪ್ರತಿಯಾದ ಅಟ್ರೋಪಿನ್ ಔಷಧಿ ಕೊಡುತ್ತಾ ಕಣ್ಣಿನ ಪಾಪೆ, ನಾಡಿ, ಎದೆಯ ಕಫ ಎಲ್ಲವನ್ನೂ ಮತ್ತೆ ಮತ್ತೆ ನೋಡಬೇಕು. ಪಕ್ಕದಲ್ಲಿ ಔಷಧಿ ಹರಿಸುವ ಪಂಪ್ ಕೂಗುತ್ತಲೇ ಇತ್ತು. ಬೆಳಿಗ್ಗೆ ಅವನ ತಾಯಿಗೆ ಸುಮಾ ಹೇಳಿದ್ದು ಇಷ್ಟೇ: “ಬೆಡ್ ನಾಲ್ಕು ಸ್ಟೇಬಲ್ ಇದೆ.”

“ಅವನಿಗೊಂದು ಹೆಸರಿದೆ ಕಣಮ್ಮಾ” ಎಂದರಂತೆ ಆ ತಾಯಿ.

“ನಂಗೆ ನಾಚಿಕೆನೂ ಆಗ್ಲಿಲ್ಲ ಮೇಡಂ. ಅದಕ್ಕೇ ಹೆದರಿಕೆ ಆಯ್ತು.”

ಇಲ್ಲಿ ನಾನೊಂದು ತಪ್ಪು ಮಾಡಿದೆ. ಉಸಿರಾಟದ ಅಭ್ಯಾಸ ಹೇಳಿಕೊಟ್ಟೆ. ಅವರು ನಕ್ಕುಬಿಟ್ಟರು. “ಉಸಿರಾಡೋದು ಹೇಗೆ ಅಂತ ನಾನೇ ದಿನಾ ಹೇಳ್ತೀನಿ ಮೇಡಂ, ವೆಂಟಿಲೇಟರ್ ತೆಗೆದವರಿಗೆ.” ಸರಿ ಅಲ್ವಾ? ಮೂರು ಬೆಡ್ ಹೊತ್ತವರಿಗೆ ಮೂಗು ಹಿಡಿಯಿರಿ ಅಂದರೆ ಏನು ಪ್ರಯೋಜನ.

ಸಾಯಬೇಕು ಅನ್ನಿಸುತ್ತದೆಯೇ ಎಂದು ನೇರವಾಗಿ ಕೇಳಿದೆ. ಇಲ್ಲ ಎಂದರು. ಹೌದು ಅಂದಿದ್ದರೆ ಅವತ್ತೇ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ. ಹಿಮೋಗ್ಲೋಬಿನ್, ಥೈರಾಯ್ಡ್ ನೋಡಿಸಲು ಹೇಳಿದೆ. ಸುಸ್ತಿಗೆ ಅವೂ ಕಾರಣ ಆಗಬಹುದು. ರಾತ್ರಿ ಹೊತ್ತು ಮನಸ್ಸು ತೀರಾ ಕೆಟ್ಟರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ ಎಂದೆ. ಕನ್ನಡದಲ್ಲೇ ಮಾತಾಡುತ್ತಾರೆ.

ಆಮೇಲೆ ‘ಬರ್ನ್‌ಔಟ್’ ಬಗ್ಗೆ ಹೇಳಿದೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕಾಯಿಲೆ ಎನ್ನಲಿಲ್ಲ. ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದಿಂದ ಬರುವ ಸ್ಥಿತಿ ಎಂದಿತು. ಲಕ್ಷಣ ಮೂರು: ಶಕ್ತಿ ಬತ್ತುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು, ಮಾಡಿದ್ದು ಯಾವುದೂ ಸಾಲದು ಅನ್ನಿಸುವುದು. ಹೆಸರು ಮರೆತು ನಂಬರ್ ಉಳಿದದ್ದು ಎರಡನೆಯದು. “ಹಾಗಾದ್ರೆ ನಾನು ಕೆಟ್ಟವಳಲ್ಲ?” ಎಂದು ಕೇಳಿದರು. ಆ ಪ್ರಶ್ನೆ ನನ್ನನ್ನು ಎರಡು ದಿನ ಕಾಡಿತು.

ಎಲ್ಲರೂ ಅವರನ್ನು ‘ಗಟ್ಟಿ’ ಅನ್ನುತ್ತಿದ್ದರು. ಡಬಲ್ ಡ್ಯೂಟಿಗೆ ಜನ ಬೇಕೆಂದಾಗ ಮೊದಲು ಅವರಿಗೇ ಫೋನ್. “ಸಿಸ್ಟರ್ ಗಟ್ಟಿ ಇದ್ದಾರೆ, ನಿಭಾಯಿಸ್ತಾರೆ.” ಹೊಗಳಿಕೆ ಅಂದುಕೊಂಡು ಹೊತ್ತದ್ದು ಹೊರೆಯಾಗಿತ್ತು. ನನಗಂತೂ ಅನ್ನಿಸುವುದು, ನರ್ಸ್‌ಗಳಿಗೆ ‘ತಡೆದುಕೊಳ್ಳುವ ಶಕ್ತಿ’ಯ ತರಬೇತಿ ಕೊಡುವ ಮೊದಲು ಡ್ಯೂಟಿ ಪಟ್ಟಿ ನೋಡಬೇಕು.

ಹಾಗಾಗಿ ಸಲಹೆಗಳೂ ಪಟ್ಟಿಯ ಸುತ್ತಲೇ ಇದ್ದವು. ಎಷ್ಟು ರಾತ್ರಿ, ಎಷ್ಟು ಬೆಡ್ ಎಂದು ಒಂದು ತಿಂಗಳು ಬರೆದಿಡಿ. ಅದನ್ನು ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ಲಿಖಿತವಾಗಿ ಕೊಡಿ. ಒಬ್ಬರೇ ಬೇಡ, ಜೊತೆಯವರೂ ಸಹಿ ಹಾಕಲಿ. ನೈಟ್ ಮುಗಿಸಿದ ದಿನ ಹೆಚ್ಚುವರಿ ಡ್ಯೂಟಿಗೆ ಕರೆದರೆ “ಆಗಲ್ಲ” ಅಷ್ಟೇ ಹೇಳಿ, ಕಾರಣ ಕೊಡಬೇಡಿ. ಕಾರಣ ಕೊಟ್ಟರೆ ಅದಕ್ಕೊಂದು ಉಪಾಯ ಹುಡುಕುತ್ತಾರೆ! ಇದನ್ನು ನಾವು ಬಾಯಿಪಾಠ ಮಾಡಿದೆವು. ಐದನೇ ಸಲಕ್ಕೆ ದನಿ ಗಟ್ಟಿಯಾಯಿತು. ಮುಂದಿನ ಪಾಳಿಯವರಿಗೆ ಹ್ಯಾಂಡೋವರ್ ಕೊಡುವಾಗ ಬೆಡ್ ನಂಬರ್‌ಗಿಂತ ಮೊದಲು ರೋಗಿಯ ಹೆಸರು ಹೇಳಿ ಎಂದೆ. ಯಾರಾದರೂ ತೀರಿಕೊಂಡ ದಿನ, ಬಸ್ಸು ಹತ್ತುವ ಮೊದಲು ಜೊತೆಯ ಸಿಸ್ಟರ್ ಒಬ್ಬರೊಂದಿಗೆ ಹತ್ತು ನಿಮಿಷ ಚಹಾ.

ಅತ್ತೆಗೂ ಒಂದು ಕೆಲಸ ಕೊಟ್ಟೆ. ನೈಟ್ ಮುಗಿಸಿ ಬಂದ ದಿನ ಮಧ್ಯಾಹ್ನದವರೆಗೆ ಕುಕ್ಕರ್ ಬೇಡ. “ಸೌದೆ ಒಲೇಲಿ ಅನ್ನ ಬಸಿದ್ರೆ ಆಯ್ತಲ್ಲ” ಎಂದರು ಅವರು.

ತಿಂಗಳ ನಂತರ ಬೆಡ್ ಎರಡಕ್ಕೆ ಇಳಿಯಿತು, ಅದೂ ವಾರದಲ್ಲಿ ಕೆಲವು ದಿನ ಮಾತ್ರ. ನಾಲ್ಕನೇ ಭೇಟಿಗೆ ಸುಮಾ ಬರಲೇ ಇಲ್ಲ. ಸಂಜೆ ಫೋನ್ ಬಂತು.

“ಸಾರಿ ಮೇಡಂ, ನಿದ್ದೆ ಹತ್ತಿಬಿಡ್ತು.”